ಮಾತು ಬಿಟ್ಟ ಮನೆ

ಪತ್ರಿಕೆಯ ಕಚೇರಿಯಲ್ಲಿ ಅವಳಿಗೆ ಬಿದ್ದಿದ್ದ ಅಡ್ಡಹೆಸರು ಇಣುಕಮ್ಮ. ಹದಿನೇಳು ವರ್ಷದಿಂದ ಅವಳ ಕೆಲಸ ಒಂದೇ. ಆನ್‌ಲೈನ್ ಗುಂಪುಗಳಲ್ಲಿ ಜನ ತಮ್ಮತಮ್ಮಲ್ಲೇ ಏನು ಮಾತಾಡಿಕೊಳ್ಳುತ್ತಾರೆ ಅನ್ನುವುದನ್ನು ಓದಿ ವರದಿ ಮಾಡುವುದು. ಹಳೇ ರೇಡಿಯೋ ರಿಪೇರಿ ಮಾಡುವವರ ಗುಂಪು, ಅವಳಿ ಮಕ್ಕಳ ತಾಯಂದಿರ ಗುಂಪು, ನಿದ್ದೆ ಬಾರದವರ ಗುಂಪು, ಭೂಮಿ ಚಪ್ಪಟೆ ಅಂತ ಹಟ ಹಿಡಿದವರ ಗುಂಪು, ಹೀಗೆ ಎಲ್ಲ ಕಡೆಯೂ ಅವಳದೊಂದು ಖಾತೆ ಇತ್ತು. ನಾವು ಮಂತ್ರಿಗಳ ಹಿಂದೆ ಬಿಸಿಲಲ್ಲಿ ಓಡಿ ಸಾಯುತ್ತೇವೆ, ಇವಳು ಕುರ್ಚಿಯಲ್ಲಿ ಕಾಲು ಮಡಚಿ ಕೂತು ಕಂಡವರ ಸಂಸಾರ ಓದುತ್ತಾಳೆ ಅಂತ ಸಹೋದ್ಯೋಗಿಗಳಿಗೆ ಹೊಟ್ಟೆಯುರಿ. ಅವಳು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಇಣುಕುವುದಕ್ಕೂ ಒಂದು ಶಿಸ್ತು ಉಂಟು. ಗುಂಪಿನವರ ಬಗ್ಗೆ ಬರೆಯುವಾಗ ಅವರ ಹೆಸರು, ಊರು, ವಯಸ್ಸು, ಕಸುಬು ನಾಲ್ಕನ್ನೂ ಬದಲಿಸಬೇಕು. ಅದಕ್ಕಿಂತ ಮುಖ್ಯವಾಗಿ, ಅವರು ಬರೆದ ಸಾಲನ್ನು ಇದ್ದ ಹಾಗೇ ಎತ್ತಿ ಹಾಕಬಾರದು. ಅರ್ಥ ಉಳಿಸಿಕೊಂಡು ಮಾತು ಬದಲಿಸಬೇಕು. ಯಾಕೆಂದರೆ ಆ ಸಾಲನ್ನು ಯಾರಾದರೂ ಹಾಗೇ ಟೈಪ್ ಮಾಡಿ ಹುಡುಕಿದರೆ ಅದು ನೇರವಾಗಿ ಬರೆದವರ ಪುಟದ ಬಾಗಿಲಿಗೇ ಒಯ್ದು ನಿಲ್ಲಿಸುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ಪಾಠ ಹೇಳಿಕೊಡುತ್ತಿದ್ದವಳು ಇಣುಕಮ್ಮನೇ, ಅದೂ ಮುಖ ಗಂಟು ಹಾಕಿಕೊಂಡು.

ಹುಡುಕುವ ಈ ಉಪಾಯವನ್ನು ಅವಳು ಒಂದು ದಿನ ಊಟಕ್ಕೆ ಕೂತಾಗ ತಮಾಷೆಗೆಂದು ಅಣ್ಣನಿಗೂ ಹೇಳಿಕೊಟ್ಟಿದ್ದಳು. ಅಣ್ಣನದು ಕನ್ನಡಕದ ಅಂಗಡಿ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದಮೇಲೆ ಎಂಟು ವರ್ಷದ ತಂಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವನು ಅವನು. ಅವಳಿಗೆ ಜಡೆ ಹಾಕಲು ಪಕ್ಕದ ಮನೆಯವರ ಹತ್ತಿರ ಕಲಿತು ಬಂದವನು, ಮನೆಗೆ ಮೊದಲ ಕಂಪ್ಯೂಟರನ್ನು ಹೆಗಲ ಮೇಲೆ ಹೊತ್ತು ತಂದವನು. ಮಾತು ಕಡಿಮೆ, ಚಿನ್ನದಂಥ ಮನುಷ್ಯ ಅಂತ ಊರೇ ಹೇಳುತ್ತಿತ್ತು. ನಮ್ಮ ಮನೆಯಲ್ಲಿ ಜಗಳ ಅನ್ನುವುದನ್ನೇ ನಾನು ನೋಡಿಲ್ಲ ಅಂತ ಇಣುಕಮ್ಮನೂ ಬಾಯಿ ತುಂಬ ಹೇಳಿಕೊಂಡು ತಿರುಗುತ್ತಿದ್ದಳು.

ಅಣ್ಣನಿಗೆ ಆ ಉಪಾಯ ಆಟವಾಯಿತು. ಭಾನುವಾರದ ಪುರವಣಿಯಲ್ಲಿ ತಂಗಿಯ ಲೇಖನ ಬಂದಾಗಲೆಲ್ಲ ಅದರಲ್ಲಿನ ಒಂದೊಂದೇ ಸಾಲು ಟೈಪ್ ಮಾಡಿ ಹುಡುಕುತ್ತಿದ್ದ. ಅವಳು ಕೆಲವು ಸಲ ನಿರಪಾಯದ ಸಾಲುಗಳನ್ನು ಬದಲಿಸದೆ ಬಿಟ್ಟಿರುತ್ತಿದ್ದಳು. ಅಂಥದ್ದು ಕೈಗೆ ಬಿದ್ದರೆ ಒಂಬತ್ತು ಗಂಟೆಯೊಳಗೆ ಅವನಿಂದ ಒಂದೇ ಮಾತಿನ ಮೆಸೇಜ್ ಬರುತ್ತಿತ್ತು: ಸಿಕ್ಕಿತು. ಸಿಗದಿದ್ದರೆ, ಸಿಗಲಿಲ್ಲ. ಅವಳು ನಗುತ್ತಿದ್ದಳು. ನಗುವ ಬದಲು ಹೆದರಬೇಕಿತ್ತು, ಹೆದರಲಿಲ್ಲ.

ಈಗ ಹಾಗೆ ಹೆದರಬೇಕಾಗಿ ಬಂದ ಲೇಖನದ ವಿಷಯಕ್ಕೆ ಬರೋಣ. ಅವಳ ಕಣ್ಣಿಗೆ ಹೊಸದಾಗಿ ಬಿದ್ದ ಗುಂಪಿನ ಹೆಸರು 'ಮಾತು ಬಿಟ್ಟ ಮನೆ'. ಹೊಡೆಯದ, ಬಯ್ಯದ, ದನಿಯನ್ನೂ ಎತ್ತದ ಜನ ಇರುತ್ತಾರೆ. ಸಿಟ್ಟು ಬಂದರೆ ಮಾತು ಬಿಡುತ್ತಾರೆ. ವಾರ, ಎರಡು ವಾರ, ತಿಂಗಳು. ಒಂದೇ ಸೂರಿನಡಿ ಉಂಡು ಮಲಗಿ ಎದ್ದರೂ ಎದುರಿಗಿರುವವರನ್ನು ಗೋಡೆಯ ಹಾಗೆ ದಾಟಿ ಹೋಗುತ್ತಾರೆ. ಅಂಥವರ ಜೊತೆ ಬಾಳುತ್ತಿರುವವರು ದಿನ ಎಣಿಸಿ ಬರೆದುಕೊಳ್ಳುತ್ತಿದ್ದ ಜಾಗ ಅದು. ಬರೆಯಲು ಖಾತೆ ಬೇಕಿತ್ತು, ಓದಲು ಯಾರಿಗೂ ಅಡ್ಡಿಯಿರಲಿಲ್ಲ. ಅಲ್ಲಿ 'ಅಡುಗೆಮನೆ ಕಿಟಕಿ' ಅನ್ನುವ ಹೆಸರಿನವರೊಬ್ಬರ ಸಾಲು ಅವಳನ್ನು ಹಿಡಿದು ನಿಲ್ಲಿಸಿತು:

'ಇವತ್ತಿಗೆ ಹತ್ತೊಂಬತ್ತು ದಿನ. ಕುಕ್ಕರ್ ಕೂಗಿದರೆ ಬಂದೆ ಅಂತೀನಿ, ಈ ಮನೆಯಲ್ಲಿ ನನ್ನನ್ನ ಕೂಗೋದು ಅದೊಂದೇ.'

ನಿಯಮದ ಪ್ರಕಾರ ತನ್ನ ನಿಜವಾದ ಹೆಸರು, ಪತ್ರಿಕೆಯ ಹೆಸರು ಎರಡನ್ನೂ ಹೇಳಿಕೊಂಡು, ಈ ಸಾಲು ಬಳಸಬಹುದೇ ಅಂತ ಬುಧವಾರ ಬೆಳಿಗ್ಗೆ ಕೇಳಿದಳು. ಮಧ್ಯಾಹ್ನ ಉತ್ತರ ಬಂತು: 'ನಾಲ್ಕು ದಿನ ಕೊಡಿ, ಯೋಚಿಸಿ ಹೇಳ್ತೀನಿ.' ಪುರವಣಿಯ ಪುಟಗಳು ಗುರುವಾರ ಸಂಜೆಗೇ ಮುಗಿಯಬೇಕು. ಅವಳು ಸಾಲನ್ನು ಬದಲಿಸಿ, ತುಂಬ ದಿನಗಳಿಂದ ಮನೆಯಲ್ಲಿ ತನ್ನನ್ನು ಯಾರೂ ಕರೆದಿಲ್ಲವೆಂದು ಗೃಹಿಣಿಯೊಬ್ಬರು ನೋವು ತೋಡಿಕೊಂಡರು ಅಂತ ಬರೆದಳು. ಸಂಪಾದಕರು ಓದಿ, "ಸಪ್ಪೆ ಆಯ್ತಲ್ಲಮ್ಮ" ಅಂದರು. ಅವಳಿಗೂ ಹಾಗೇ ಅನ್ನಿಸಿತ್ತು. ಮೂಲದ ಸಾಲನ್ನು ತೋರಿಸಿದಳು. ಅವರು ಎರಡು ಸಲ ಓದಿ, "ಇದನ್ನೇ ಹಾಕು" ಅಂದರು.

ಹಾಕಿದಳು. ಸಂಪಾದಕರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವಂತಿರಲಿಲ್ಲ. ಅವರಿಗೆ ಆ ಸಾಲು ಎಲ್ಲಿಯದು, ಅನುಮತಿ ಸಿಕ್ಕಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಇವಳು ಹೇಳಲೂ ಇಲ್ಲ. ಅಷ್ಟು ಒಳ್ಳೆಯ ಸಾಲು ತನ್ನ ಲೇಖನದಲ್ಲಿ ಇರಲಿ ಅನ್ನುವ ಆಸೆ ಅವಳ ಕಣ್ಣು ಕಟ್ಟಿತ್ತು.

ಭಾನುವಾರ ಪುಟದ ನಡುಮಧ್ಯೆ ದಪ್ಪ ಅಕ್ಷರದಲ್ಲಿ ಕುಕ್ಕರ್ ಕೂಗಿತ್ತು. ಏಳು ಗಂಟೆಯಿಂದಲೇ ಮೆಚ್ಚುಗೆಯ ಮೆಸೇಜುಗಳು ಬರತೊಡಗಿದವು. ಇಣುಕಮ್ಮ ಹಾಸಿಗೆಯಲ್ಲೇ ಕೂತು ಚಹಾ ಕುಡಿಯುತ್ತ ಒಂದೊಂದಕ್ಕೂ ಉತ್ತರ ಕೊಟ್ಟಳು. ಅವತ್ತು ಮಧ್ಯಾಹ್ನದ ಊಟಕ್ಕೆ ಅಣ್ಣನ ಮನೆಗೆ ಹೋಗುವುದಿತ್ತು. ಹದಿನೈದು ದಿನಕ್ಕೊಂದು ಭಾನುವಾರ ಅದು ಖಾಯಂ. ಅತ್ತಿಗೆಗೆ ಈ ಲೇಖನ ಓದಿ ತೋರಿಸಬೇಕು ಅಂದುಕೊಂಡಳು. ಅತ್ತಿಗೆ ಅಂದರೆ ನಗು, ಹರಟೆ, ಎದುರಿಗಿದ್ದವರ ಹೊಟ್ಟೆ ಹುಣ್ಣಾಗುವಂತೆ ಅಂಗಡಿಯವರ, ಪಕ್ಕದ ಮನೆಯವರ ದನಿ ತೆಗೆಯುವ ಕಲೆ.

ಒಂಬತ್ತೂವರೆಗೆ ಬಂದದ್ದು ಮೆಚ್ಚುಗೆಯಲ್ಲ. ಆ ಗುಂಪನ್ನು ನೋಡಿಕೊಳ್ಳುತ್ತಿದ್ದ ಅಡ್ಮಿನ್ ಬರೆದಿದ್ದರು.

'ನಮ್ಮ ಸದಸ್ಯೆಯ ಸಾಲನ್ನು ಒಂದು ಅಕ್ಷರವೂ ಬದಲಿಸದೆ ಹಾಕಿದ್ದೀರಿ. ಹುಡುಕಿದರೆ ಮೊದಲು ಬರುವುದು ಅವರ ಪುಟವೇ. ಅವರ ಮನೆಯವರು ಹುಡುಕಿಯೂ ಆಗಿದೆ. ಈ ಕೆಲಸ ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ನೀವು?'

ಸಾಲನ್ನು ಟೈಪ್ ಮಾಡಿ ಹುಡುಕಿದಳು. ಅರ್ಧ ಕ್ಷಣ. ಪರದೆಯ ಮೇಲೆ ಮೊದಲನೆಯದೇ ಅಡುಗೆಮನೆ ಕಿಟಕಿ. ತಕ್ಷಣ ಕಚೇರಿಗೆ ಫೋನು ಮಾಡಿ ಪತ್ರಿಕೆಯ ವೆಬ್‌ಸೈಟಿನಿಂದ ಸಾಲು ತೆಗೆಸಿದಳು; ಹತ್ತು ನಿಮಿಷದಲ್ಲಿ ಹೋಯಿತು. ಮನೆಮನೆಗೆ ಹೋಗಿ ಬಿದ್ದ ಕಾಗದವನ್ನು ಏನು ಮಾಡುವುದು? ಅಡ್ಮಿನ್‌ಗೆ ಕ್ಷಮೆ ಕೇಳಿ ಬರೆದಳು. ಉತ್ತರ ಬರಲಿಲ್ಲ.

ಆಮೇಲೆ, ಆ ಹೆಂಗಸಿಗೆ ಎಂಥ ಅಪಾಯ ತಂದಿಟ್ಟೆ ಅಂತ ತಿಳಿಯಲು, ಅವರ ಪುಟವನ್ನು ಮೊದಲಿನಿಂದ ಓದಲು ಕೂತಳು. ನಿಜ ಹೇಳಬೇಕೆಂದರೆ ಆ ವಾರ ಅವಳು ಓದಿದ್ದು ಆ ಪುಟದ ಮೂರೋ ನಾಲ್ಕೋ ಪೋಸ್ಟ್ ಮಾತ್ರ. ಒಳ್ಳೆಯ ಸಾಲು ಸಿಕ್ಕಿತ್ತು, ಅಷ್ಟು ಸಾಕಾಗಿತ್ತು. ಅಲ್ಲಿದ್ದದ್ದು ಆರು ವರ್ಷದ ಬರಹ.

'ನಮ್ಮವರು ಅಂಗಡಿಯಲ್ಲಿ ದಿನಕ್ಕೆ ಮೂವತ್ತು ಜನರನ್ನ ಕೇಳ್ತಾರೆ, ಈಗ ಚೆನ್ನಾಗಿ ಕಾಣ್ತಾ, ಈಗ ಕಾಣ್ತಾ ಅಂತ. ಮನೆಗೆ ಬಂದ ಮೇಲೆ ಅವರಿಗೆ ನಾನೇ ಕಾಣಲ್ಲ. ಇವತ್ತು ಎಂಟನೇ ದಿನ.'

ಕನ್ನಡಕದ ಅಂಗಡಿಯವರು ಎಷ್ಟೋ ಜನ ಇರುತ್ತಾರೆ ಅಂದುಕೊಂಡಳು ಇಣುಕಮ್ಮ. ಮುಂದೆ ಓದಿದಳು.

'ಇವತ್ತು ನಾದಿನಿ ಊಟಕ್ಕೆ ಬಂದಿದ್ದಳು. ಅವಳ ಎದುರಿಗೆ ನಮ್ಮವರು ನನ್ನ ಜೊತೆ ಮಾತಾಡ್ತಾರೆ. ಉಪ್ಪು ಕೊಡು ಅಂತಾರೆ, ನಾನು ಹೇಳಿದ್ದಕ್ಕೆ ನಗ್ತಾರೆ. ಅವಳು ಹೋಗಿ ಬಾಗಿಲು ಹಾಕಿದ ತಕ್ಷಣ ಮತ್ತೆ ಶುರು. ಅದಕ್ಕೇ ಅವಳು ಎದ್ದಾಗಲೆಲ್ಲ ಇನ್ನೊಂದು ಚಹಾ ಇಡ್ತೀನಿ. ನಾಲ್ಕು ಸಲ ಇಟ್ಟೆ ಇವತ್ತು. ಏನತ್ತಿಗೆ, ಚಹಾದಲ್ಲೇ ಮುಳುಗಿಸಿ ಸಾಯಿಸ್ತೀರಾ ಅಂತ ನಗ್ತಾಳೆ. ಒಳ್ಳೆಯವಳು. ಕಾಣದ ಊರಿನ ಜನ ಪಿಸುಗುಟ್ಟಿದ್ದೂ ಅವಳಿಗೆ ಕೇಳಿಸುತ್ತೆ.'

ಚಹಾದಲ್ಲಿ ಮುಳುಗಿಸುವ ಆ ಮಾತು ಇಣುಕಮ್ಮನದೇ. ಹೇಳಿದ್ದು, ಎಲ್ಲರೂ ನಕ್ಕಿದ್ದು, ಅಣ್ಣ ಕೂಡ ನಕ್ಕಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಬೆರಳು ತಾನಾಗಿ ಕೊನೆಯ ಪೋಸ್ಟಿಗೆ ಹೋಯಿತು. ಬುಧವಾರ ಮಧ್ಯಾಹ್ನ ಬರೆದದ್ದು.

'ನನ್ನ ಸಾಲು ಹಾಕಲಾ ಅಂತ ಪತ್ರಿಕೆಯವರು ಕೇಳಿದ್ದಾರೆ. ಕೇಳಿದವಳು ಯಾರು ಅಂತ ನೋಡಿದ್ರೆ ನಮ್ಮ ನಾದಿನಿ. ನಾನು ಯಾರು ಅಂತ ಅವಳಿಗೆ ಗೊತ್ತಿಲ್ಲ. ನಾಲ್ಕು ದಿನ ಕೇಳಿದ್ದೀನಿ. ಭಾನುವಾರ ಅವಳೇ ಊಟಕ್ಕೆ ಬರ್ತಾಳೆ, ಅಡುಗೆಮನೆಗೆ ಕರೆದು ಹೇಳಿಬಿಡ್ತೀನಿ. ಆರು ವರ್ಷದಲ್ಲಿ ಮೊದಲ ಸಲ ಒಬ್ಬರಿಗೆ ಬಾಯಿಬಿಟ್ಟು ಹೇಳ್ತೀನಿ.'

ಗಡಿಯಾರದಲ್ಲಿ ಹತ್ತೂವರೆ. ಆಗ ಅವಳಿಗೆ ಹೊಳೆಯಿತು: ಅಣ್ಣನ ಮೆಸೇಜ್ ಬಂದಿಲ್ಲ. ಸಿಕ್ಕಿತು ಅಂತಲೂ ಇಲ್ಲ, ಸಿಗಲಿಲ್ಲ ಅಂತಲೂ ಇಲ್ಲ. ಅವರ ಮನೆಯವರು ಹುಡುಕಿಯೂ ಆಗಿದೆ ಅಂತ ಅಡ್ಮಿನ್ ಬರೆದದ್ದರ ಅರ್ಥ ಈಗ ಆಯಿತು. ಅತ್ತಿಗೆಗೆ ಫೋನು ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಉಟ್ಟ ಬಟ್ಟೆಯಲ್ಲೇ ಹೊರಟಳು. ಎರಡು ಬಸ್ಸು ಬದಲಿಸುವ ದಾರಿಯಲ್ಲಿ ಅವಳ ತಲೆಯಲ್ಲಿ ಒಂದೇ ಚಿತ್ರ. ಅಣ್ಣ ಕಿಟಕಿಯತ್ತ ಮುಖ ಮಾಡಿ ತುಟಿ ಪಿಟಕ್ಕೆನ್ನದೆ ಕೂತಿರುತ್ತಾನೆ, ಅತ್ತಿಗೆ ಒಳಗೆ ಅಳುತ್ತಿರುತ್ತಾರೆ.

ಮೂರನೇ ಮಹಡಿ ಹತ್ತಿ ಬಾಗಿಲ ಮುಂದೆ ನಿಂತಾಗ ಒಳಗಿಂದ ಅಣ್ಣನ ದನಿ ಕೇಳಿತು. ಮಾತಾಡುತ್ತಿದ್ದ. ಸಿಟ್ಟಿಲ್ಲ, ಕೂಗಾಟವಿಲ್ಲ, ಅಂಗಡಿಯಲ್ಲಿ ಗಿರಾಕಿಗೆ ಗಾಜು ಬದಲಿಸುವಾಗಿನ ಅದೇ ಮೆತ್ತನೆಯ ದನಿ. ಒಂದು ಕ್ಷಣ ಅವಳಿಗೆ ಹೋದ ಜೀವ ಬಂದಂತಾಯಿತು. ಮಾತಾಡುತ್ತಿದ್ದಾನಲ್ಲ, ಇಬ್ಬರೂ ಕೂತು ಬಗೆಹರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಳು. ಚಿಲಕ ಹಾಕಿರಲಿಲ್ಲ. ತಳ್ಳಿಕೊಂಡು ಒಳಗೆ ಹೋದಳು.

ಊಟದ ಮೇಜಿನ ಒಂದು ತುದಿಯಲ್ಲಿ ಅತ್ತಿಗೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಎದುರಿಗೆ ಅಣ್ಣ, ಕನ್ನಡಕ ಹಣೆಯ ಮೇಲೇರಿಸಿ ಫೋನನ್ನು ದೂರ ಹಿಡಿದು ಓದುತ್ತಿದ್ದ.

"'ಇವತ್ತು ಹನ್ನೆರಡು ದಿನ. ಬಾಗಿಲ ಹಿಂದೆ ನಿಂತು ಅವರು ಫೋನಲ್ಲಿ ಮಾತಾಡೋದನ್ನ ಕೇಳಿಸಿಕೊಂಡೆ, ಆ ದನಿ ಮರೆತುಹೋಗಬಾರದು ಅಂತ.'" ಓದಿ ತಲೆ ಎತ್ತಿದ. "ಹನ್ನೆರಡಾ? ಹನ್ನೊಂದು ಇರ್ಬೇಕು ನೋಡು. ಆ ತಿಂಗಳು ನಾನು ಮಧ್ಯೆ ಒಂದಿನ ಮಾತಾಡಿದ್ದೆ." ಆಗ ತಂಗಿಯನ್ನು ಕಂಡು ಮುಗುಳ್ನಕ್ಕ. "ಬಾ ಮರಿ, ಕೂತ್ಕೋ. ಏಳೂವರೆಯಿಂದ ಓದ್ತಿದ್ದೀನಿ. ಎರಡನೇ ವರ್ಷಕ್ಕೆ ಬಂದ್ವಿ."

"ಏನ್ ಮಾಡ್ತಿದ್ದೀಯ ಅಣ್ಣ?"

"ಮಾತಾಡ್ತಿದ್ದೀನಿ. ನಾನು ಮಾತಾಡಲ್ಲ ಅನ್ನೋದು ತಾನೇ ದೂರು? ಒಂದೂ ಬಿಡದೆ ಓದಿ ಮುಗಿಸ್ತೀನಿ, ತಪ್ಪಿದ್ರೆ ತಿದ್ದಲಿ ಅವಳು."

"ಸಾಕು, ನಿಲ್ಸು."

"ನೀನೇ ಕಲಿಸಿದ್ದು ಮರಿ, ಹುಡುಕೋದು," ಅಂದ. ಆ ಮಾತಲ್ಲಿ ವ್ಯಂಗ್ಯವಿರಲಿಲ್ಲ. ಮತ್ತೆ ಫೋನು ಎತ್ತಿ ಮುಂದಿನ ಪೋಸ್ಟು ಶುರು ಮಾಡಿದ.

ಜಗತ್ತಿನ ಕೊಳಕನ್ನೆಲ್ಲ ಪರದೆಯ ಮೇಲೆ ಓದಿದ್ದ ಹೆಂಗಸು ಇಣುಕಮ್ಮ. ಬೆದರಿಕೆ, ಮೋಸ, ಸುಳ್ಳು ಕಾಯಿಲೆ, ಕದ್ದ ಫೋಟೋ, ಯಾವುದಕ್ಕೂ ಹುಬ್ಬು ಎತ್ತಿದವಳಲ್ಲ. ಈಗ ತನ್ನ ಜಡೆ ಹಾಕಿದ ಬೆರಳು ಫೋನಿನ ಮೇಲೆ ಒಂದೊಂದೇ ಪೋಸ್ಟು ಸರಿಸುವುದನ್ನು ನೋಡುತ್ತ ನಿಂತಳು. ಇವನು ಯಾರು ಅನ್ನಿಸಿತು.

ಅತ್ತಿಗೆ ಎದ್ದರು. ಕೋಣೆಗೆ ಹೋಗಿ ಒಂದು ಚೀಲ ಹಿಡಿದು ಬಂದರು. ಅಣ್ಣ ಓದುವುದನ್ನು ನಿಲ್ಲಿಸಲಿಲ್ಲ. ಅವರು ಅವನತ್ತ ನೋಡದೆ ನಾದಿನಿಗೆ ಹೇಳಿದರು:

"ಬರೆಯುವಾಗ ಒಂದೊಂದು ದಿನದ್ದು ಒಂದೊಂದೇ ಇತ್ತು ಕಣೆ. ಒಂದಿನದ್ದು ತಾನೇ ಅಂತ ಹೊಟ್ಟೆಗೆ ಹಾಕ್ಕೋತಿದ್ದೆ. ಇವತ್ತು ಎಲ್ಲ ಒಟ್ಟಿಗೆ ಕೇಳಿದಾಗ, ನಾನ್ಯಾಕೆ ಇಲ್ಲಿದ್ದೆ ಅನ್ನಿಸ್ತು."

"ನಮ್ಮನೆಗೆ ಬನ್ನಿ ಅತ್ತಿಗೆ. ಈಗ್ಲೇ ಹೋಗೋಣ."

"ಬೇಡ. ಬೆಳಿಗ್ಗೆ ಬಚ್ಚಲಲ್ಲಿ ನಿಂತು ನಮ್ಮ ಅಡ್ಮಿನ್‌ಗೆ ಮೆಸೇಜ್ ಮಾಡಿದ್ದೆ. ಕೆಳಗೆ ಕಾರಲ್ಲಿ ಕಾಯ್ತಿದ್ದಾರೆ. ಅವರ ಮುಖ ಇನ್ನೂ ನೋಡಿಲ್ಲ ನಾನು."

"ಮುಖ ನೋಡದವರ ಜೊತೆ ಹೋಗ್ತೀರಾ? ನಾನಿಲ್ವಾ?"

ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ನಿಂತರು. "ನಾಲ್ಕು ದಿನ ಕೇಳಿದ್ದೆ ನಿನ್ನ."

"ಅದು ನೀವು ಅಂತ ನನಗೆ ಗೊತ್ತಿರ್ಲಿಲ್ಲ ಅತ್ತಿಗೆ. ಗೊತ್ತಿದ್ದಿದ್ರೆ ಖಂಡಿತ ಕಾಯ್ತಿದ್ದೆ."

"ಗೊತ್ತಿಲ್ಲದವಳಿಗೆ ಕಾಯೋದು ಬೇಡ್ವಾ?" ಅಂದರು ಅತ್ತಿಗೆ. ಅವರ ಹೆಜ್ಜೆ ಮೆಟ್ಟಿಲಿಳಿದು ಹೋಯಿತು. ಕೆಳಗೆ ಕಾರಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ಅಣ್ಣ ಫೋನು ಕೆಳಗಿಟ್ಟ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಆಗ ಇಣುಕಮ್ಮನ ಬಾಯಿಯ ಬೀಗ ಕಳಚಿತು. ಅವಳು ಹಿಗ್ಗಾಮುಗ್ಗಾ ಬೈದಳು. ನಿನ್ನನ್ನು ದೇವರು ಅಂದುಕೊಂಡಿದ್ದೆ ಅಂದಳು, ಆರು ವರ್ಷ ಅಂದಳು, ಮನುಷ್ಯನಾ ನೀನು ಅಂದಳು. ಅಣ್ಣ ಮೇಜಿನ ಮೇಲಿದ್ದ ಪುರವಣಿಯನ್ನು ಮಡಚಿ ಹಳೇ ಪತ್ರಿಕೆಗಳ ಜೊತೆ ಇಟ್ಟ. ಕುರ್ಚಿಗಳನ್ನು ಸರಿಯಾಗಿ ಒಳಗೆ ತಳ್ಳಿದ. ನೀರು ಕುಡಿಯಲು ಅಡುಗೆಮನೆಗೆ ಹೋಗುವಾಗ ಅವಳು ದಾರಿಗೆ ಅಡ್ಡ ನಿಂತಿದ್ದಳು. ಬಕೆಟ್ಟನ್ನೋ ಸ್ಟೂಲನ್ನೋ ಬಳಸಿಕೊಂಡು ಹೋಗುವಂತೆ ಪಕ್ಕಕ್ಕೆ ಸರಿದು ಹೋದ.

"ಅಣ್ಣ, ನಿನ್ನ ಹತ್ರಾನೇ ಮಾತಾಡ್ತಿರೋದು."

ಅವನು ಲೋಟ ತೊಳೆದು ಬೋರಲು ಹಾಕಿದ.

"ಏನಾದ್ರೂ ಹೇಳು. ಬೈಯಿ ಬೇಕಾದ್ರೆ. ನಾನು ಬರ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಅವನು ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹೊರಗೆ ನೋಡತೊಡಗಿದ. ಅವಳ ಬೈಗುಳ ಮುಗಿದಿತ್ತು. ದನಿ ಇಳಿಸಿ ಅದನ್ನೇ ಮತ್ತೆ ಕೇಳಿದಳು. ಆಮೇಲೆ ಇನ್ನೂ ಮೆತ್ತಗೆ, ತಿಂಡಿ ಆಯ್ತಾ ನಿಂದು ಅಂತ ಕೇಳಿದಳು. ಆಮೇಲೆ, ಅಂಗಡಿ ನಾಳೆ ತೆಗೀತೀಯಾ ಅಂತ. ಅದಾದಮೇಲೆ ತಾನೇನು ಹೇಳುತ್ತಿದ್ದೇನೆ ಅನ್ನುವುದೇ ಅವಳಿಗೆ ಗೊತ್ತಾಗದಾಯಿತು. ಬಸ್ಸಿನ ವಿಷಯ ಹೇಳಿದಳು, ಬಿಸಿಲಿನ ವಿಷಯ ಹೇಳಿದಳು. ಒಂದೊಂದು ಮಾತೂ ಕೋಣೆಯೊಳಗೆ ಬಿದ್ದು ಅಲ್ಲೇ ಸತ್ತಿತು. ಈ ಮೌನದ ಬಗ್ಗೆ ಅವಳು ಸಾವಿರದ ಇನ್ನೂರು ಪದ ಬರೆದಿದ್ದಳು, ಹನ್ನೊಂದು ಜನರ ಅನುಭವ ಓದಿದ್ದಳು, ಇಷ್ಟು ಭಯವಾಗುತ್ತದೆ ಅಂತ ಒಂದು ಕಡೆಯೂ ಬರೆದಿರಲಿಲ್ಲ.

"ತಪ್ಪಾಯ್ತು ಅಣ್ಣ. ಇನ್ನೊಂದ್ಸಲ ಮಾಡಲ್ಲ."

ಬಾಯಿಂದ ಬಂದಮೇಲೆ ಅವಳು ಆ ಮಾತನ್ನು ಕೇಳಿಸಿಕೊಂಡಳು. ಅತ್ತಿಗೆ ಹೋಗಿ ಕಾಲು ಗಂಟೆಯೂ ಆಗಿರಲಿಲ್ಲ. ಯಾವ ತಪ್ಪಿಗೆ ಕೇಳಿದೆ ಅಂತ ಅವಳಿಗೇ ಗೊತ್ತಿರಲಿಲ್ಲ, ಆದರೆ ಮಾತು ಮಾತ್ರ ಒಂದು ಚೂರೂ ತಡವರಿಸದೆ, ಬಾಯಿಪಾಠ ಒಪ್ಪಿಸಿದಂತೆ ಬಂದಿತ್ತು. ಎಂಟು ವರ್ಷದವಳು, ಒಂಬತ್ತು ವರ್ಷದವಳು, ಹತ್ತು ವರ್ಷದವಳು ಇದೇ ಕುರ್ಚಿಯ ಪಕ್ಕ ನಿಂತು ಇದೇ ಮಾತು ಹೇಳಿದ್ದು ಒಂದರ ಮೇಲೊಂದು ನೆನಪಾಯಿತು. ಲೋಟ ಒಡೆದಾಗ, ಶಾಲೆಯಿಂದ ತಡವಾಗಿ ಬಂದಾಗ, ಯಾಕೆ ಅಂತ ಗೊತ್ತೇ ಇಲ್ಲದಾಗ. ಇಷ್ಟು ವರ್ಷ ಅವಳು ಅದನ್ನು ಜಗಳವಿಲ್ಲದ ಮನೆ ಅಂತ ಕರೆದಿದ್ದಳು.

ಅಣ್ಣ ತಿರುಗಿ ನೋಡಿದ. ಮುಖ ಸಡಿಲವಾಯಿತು, ಕಣ್ಣಲ್ಲಿ ಹಳೆಯ ಅಕ್ಕರೆ ಬಂತು.

"ಹೋಗ್ಲಿ ಬಿಡು ಮರಿ," ಅಂದ. "ಬಾ, ಹೊತ್ತಾಯ್ತು. ಊಟ ಮಾಡೋಣ."

ಅವನು ದನಿ ತೆಗೆದ ಕೂಡಲೇ ಅವಳ ಭುಜ ತಾನಾಗಿ ಇಳಿಯಿತು, ಉಸಿರು ಸಲೀಸಾಯಿತು. ಸಿಟ್ಟು ಎಲ್ಲಿ ಹೋಯಿತೋ, ಮೈತುಂಬ ಬರೀ ನೆಮ್ಮದಿ. ಹೊರಟುಹೋಗಬೇಕು ಅಂತ ಅವಳಿಗೆ ಗೊತ್ತಿತ್ತು, ಕಾರು ಇನ್ನೂ ಬಹಳ ದೂರ ಹೋಗಿರಲಿಕ್ಕಿಲ್ಲ ಅಂತಲೂ ಗೊತ್ತಿತ್ತು. ಆದರೆ ಅಷ್ಟರಲ್ಲಿ ಅವಳು ಅಡುಗೆಮನೆಗೆ ಹೋಗಿ ಎರಡು ತಟ್ಟೆ ತಂದು ಮೇಜಿನ ಮೇಲೆ ಇಟ್ಟಾಗಿತ್ತು.